ಸಡಿಲ ಬೆಲ್ಟಿನ ಸೋಮಣ್ಣ

ಹೀರೋ ಎಂಟ್ರಿ ಅಂದರೆ ಧೂಳು, ಗಾಳಿ, ಬೆನ್ನ ಹಿಂದೆ ಸೂರ್ಯ. ಇಲ್ಲಿ ಸೂರ್ಯನೇ ಇನ್ನೂ ಎದ್ದಿಲ್ಲ. ಯಡ್ತರೆಯ ರಸ್ತೆ ಬದಿಯ ರಿಪೇರಿ ಅಂಗಡಿ ಎದುರು ನಿಂತ ಹಳೇ ಆಮ್ನಿ ವ್ಯಾನಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿವೆ. ಉಳಿದ ಹೀರೋ ಡ್ಯಾಶ್‌ಬೋರ್ಡಿನ ಕೆಳಗೆ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಲಗಿದ್ದಾರೆ. ಹಿಂದಿನ ಸೀಟು ಕಿತ್ತ ಜಾಗದಲ್ಲಿ ಬಂಗುಡೆ, ಬೈಗೆ ಮೀನಿನ ಬುಟ್ಟಿಗಳು. ಬಾಗಿಲ ಸಂದಿಯಿಂದ ಐಸ್ ನೀರು ತೊಟ್ಟಿಕ್ಕುತ್ತಿದೆ.

"ಹ್ವಾಯ್ ಸೋಮಣ್ಣ, ಒಳ್ಗೇ ಮನಿಕಂಡ್ರ್ಯಾ ಎಂತ? ಐಸ್ ಎಲ್ಲ ಕರಗಿ ಹೋತ್ ಮಾರ್ರೆ!"

ಬೈಯುತ್ತಿರುವವರು ಗಾಡಿಯ ಒಡತಿ ಕುಸುಮಾವತಿ. ಕೊಡೇರಿ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಮನೆ ಮನೆ ಎದುರು ಗಾಡಿ ನಿಲ್ಲಿಸಿ ಮಾರುವವರು. ಟಾರ್ಚ್ ಬಾಯಿಂದ ಕೈಗೆ ಬರುತ್ತದೆ, ಕಾಲುಗಳ ಕಡೆಯಿಂದ ಉತ್ತರವೂ ಬರುತ್ತದೆ: "ಮನಿಕಂಬುಕೆ ನಿಮ್ ಮೀನ್ ವಾಸ್ನಿ ಬಿಡ್ಕಲೇ ಕುಸುಮಕ್ಕ."

ಸೋಮಣ್ಣ ಕಾರು ಸ್ಟೀರಿಯೋ ರಿಪೇರಿಯವರು. ಈಗ ಅವರ ಎದೆ ಮೇಲಿರುವುದು ಕುಸುಮಾವತಿಯವರ ಕ್ಯಾಸೆಟ್ ಸೆಟ್ಟು. ಅದರೊಳಗೆ ಹಾಡಿಲ್ಲ. ಹರೆಯದಲ್ಲಿದ್ದಾಗ ಕುಸುಮಾವತಿ ಇದೇ ಅಂಗಡಿಯಲ್ಲಿ ಕೂತು ರೆಕಾರ್ಡ್ ಮಾಡಿಸಿದ ತಮ್ಮದೇ ಕೂಗು: "ಬಂಗ್ಡೆ ಬಂತೇ... ಬೈಗೆ ಬಂತೇ..." ಆ ಕೂಗು ಕೇಳಿದರೆ ಮಾತ್ರ ಮನೆಗಳ ಬಾಗಿಲು ತೆರೆಯುತ್ತದೆ. ಇವತ್ತು ಬೆಳಗಾಗುವ ಮೊದಲೇ ಕ್ಯಾಸೆಟ್ ತಿರುಗಿಸುವ ರಬ್ಬರ್ ಬೆಲ್ಟು ತುಂಡಾಗಿದೆ. ಬುಟ್ಟಿ ಭರ್ತಿ ಮೀನಿದೆ, ಕೂಗಿಲ್ಲ.

ಸೋಮಣ್ಣನ ಫ್ಲ್ಯಾಶ್‌ಬ್ಯಾಕ್ ಮುಂಬೈಯಲ್ಲಿ ಶುರು. ಹೋಟೆಲಿನಲ್ಲಿ ತಟ್ಟೆ ತೊಳೆಯಲು ಹೋದ ಹುಡುಗ, ಪಕ್ಕದ ರೇಡಿಯೋ ಅಂಗಡಿಯವನ ಸ್ನೇಹ ಮಾಡಿ ಸೋಲ್ಡರಿಂಗ್ ಕಲಿತ. ಊರಿಗೆ ಬಂದಾಗ ಸ್ಟೀರಿಯೋದ ಸುವರ್ಣಯುಗ. ಈಕ್ವಲೈಜರಿನ ಹಸಿರು ದೀಪಗಳು ಏರಿಳಿದರೆ ಕಾರಿನೊಳಗೇ ಜಾತ್ರೆ. ಕ್ಯಾಸೆಟ್ಟಿನ ಒಂದು ಬದಿ ಮುಗಿದು 'ಟಕ್' ಅಂತ ತಾನೇ ಮತ್ತೊಂದು ಬದಿಗೆ ಹೋಗುವ ಸೆಟ್ಟಿದ್ದವನೇ ಸೂಪರ್‌ಸ್ಟಾರ್. ಆಮೇಲೆ ಬಂದದ್ದು ಮುಖ ಕಳಚುವ ಸೆಟ್ಟು. ಕಳ್ಳರ ಭಯಕ್ಕೆ ಅದರ ಮುಂದಿನ ಭಾಗವನ್ನಷ್ಟೇ ತೆಗೆದು ಜನ ಕಿಸೆಗೆ ಹಾಕಿಕೊಂಡು ಮದುವೆಗೂ ಹೋಗುತ್ತಿದ್ದರು.

"ಮದಿ ಊಟಕ್ಕೆ ಕೂಕಂಡ್ರೂ ಅದ್ ಕಿಸೆಯಿಂದ ಒಂಚೂರ್ ಹೊರ್ಗೆ ಕಾಣ್ಕ್ ಅವ್ರಿಗೆ," ಸೋಮಣ್ಣ ನಗುತ್ತಾರೆ. "ಇಲ್ದಿರೆ ಕಾರ್ ಇತ್ತ್ ಅಂಬ್ದ್ ಊರಿಗೆ ಗೊತ್ತಾಪ್ದ್ ಹ್ಯಾಂಗೆ?"

ಸಿಡಿ ಬಂತು, ಯುಎಸ್‌ಬಿ ಬಂತು, ಬ್ಲೂಟೂತ್ ಬಂತು. ಈಗ ಟಚ್ ಸ್ಕ್ರೀನು, ಹಿಂದೆ ನೋಡಲು ಕ್ಯಾಮೆರಾ. ಸೋಮಣ್ಣ ಎಲ್ಲವನ್ನೂ ಕೂರಿಸುತ್ತಾರೆ. ಕಳೆದ ವರ್ಷ ಕುಸುಮಾವತಿಯವರ ಮಗ ರತನ್ ಈ ಆಮ್ನಿಗೂ ಒಂದು ಟಚ್ ಸ್ಕ್ರೀನ್ ಹಾಕಿಸಿದ. ಅದು ಹೆಚ್ಚು ದಿನ ಓಡಲಿಲ್ಲ.

"ಮೀನ್ ಮುಟ್ಟಿದ್ ಒದ್ದೆ ಕೈಗೆ ಅದ್ ಎಂತದೂ ಕೇಂತಿಲ್ಲೆ," ಎನ್ನುತ್ತಾರೆ ಕುಸುಮಾವತಿ. "ಬೆರಳ್ ಒರೆಸಿ ಒರೆಸಿ ನನ್ ಸೆರಗೇ ಹರೀತ್. ಹಳೇದ್ ಹಾಂಗಲ್ಲ, ಕೈ ಹ್ಯಾಂಗಿದ್ರೂ ತಿರ್ಗ್ಸಿರೆ ಆಯ್ತ್." ಹಾಗಾಗಿ ಹಳೇ ಸೆಟ್ಟು ವಾಪಸ್ ಬಂತು. ರೀ-ಎಂಟ್ರಿ, ಶಿಳ್ಳೆ ಸಮೇತ.

ಹಾಗಾದರೆ ಹೊಸ ಬೆಲ್ಟು ಹಾಕಿ ಕಳಿಸಬಹುದಲ್ಲ? ಅಲ್ಲೇ ಇರುವುದು ಟ್ವಿಸ್ಟು.

ವರ್ಷಗಳ ಹಿಂದೆ ಫ್ಯೂಸ್ ಬದಲಿಸಲು ಬಂದ ಇದೇ ಸೆಟ್ಟಿನ ಬೆಲ್ಟು ಸಡಿಲಾಗಿತ್ತು. ಕೂಗು ನಿದ್ದೆಗಣ್ಣಲ್ಲಿ ಎಳೆದಂತೆ, ತೂಗಾಡುತ್ತಾ ಬರುತ್ತಿತ್ತು. ಸೋಮಣ್ಣ ಕೇಳದೆಯೇ ಪ್ರೀತಿಯಿಂದ ಹೊಸ ಬೆಲ್ಟು ಹಾಕಿದರು. ದನಿ ಸರಿಯಾಯಿತು, ಚುರುಕಾಯಿತು. ಮರುದಿನ ಒಂದು ಮನೆಯಿಂದಲೂ ಯಾರೂ ಹೊರಬರಲಿಲ್ಲ. ಇಲ್ಲಿ ಪ್ರತಿ ಮೀನಿನವರಿಗೂ ಅವರವರ ಮನೆಗಳಿವೆ. ಆ ಮನೆಯವರು ತಮ್ಮ ಮೀನಿನವರನ್ನು ಬಿಟ್ಟು ಬೇರೆ ಗಾಡಿಯಿಂದ ಕೊಳ್ಳುವುದಿಲ್ಲ. ಕೊನೆಗೆ ಕುಸುಮಾವತಿ, ಸೋಮಣ್ಣನ ಅಂಗಡಿಯ ಎದುರು ಮನೆಯ ಸುಗುಣಕ್ಕನ ಬಾಗಿಲು ತಟ್ಟಿದರೆ ಬಂದ ಉತ್ತರ: "ನಿಮ್ಗೇ ಕಾಯ್ತಾ ಕೂಕಂಡಿದ್ದೆ ಕುಸುಮಕ್ಕ. ಯಾವ್ದೋ ಬೇರೆ ಹೆಣ್ಣ್ ಕೂಗ್ಕಂಡ್ ಹೋಯ್ತ್. ಅವ್ಳ್ ಹತ್ರ ತಕಂಡ್ರೆ ನಿಮ್ಗೆ ಬೇಜಾರ್ ಆತಿಲ್ಯಾ?"

ಬಾಗಿಲು ತಟ್ಟಿ ಮಾರಿದರೂ ಅರ್ಧ ಬುಟ್ಟಿ ಮೀನು ಉಳಿದು ಒಣಗಲು ಹೋಯಿತು. "ಮುಂಚೆ ಇದ್ದಾಂಗೆ ಹಾಳ್ ಮಾಡಿ ಕೊಡಿ ಅಂದೇಳಿ ಬಂದ ಗಿರಾಕಿ ಇವ್ರ್ ಒಬ್ರೇ," ಎನ್ನುತ್ತಾರೆ ಸೋಮಣ್ಣ. ಕಸದಿಂದ ಹೆಕ್ಕಿ ಮತ್ತೆ ಹಾಕಿದ ಆ ಸಡಿಲ ಬೆಲ್ಟೇ ಇವತ್ತು ತುಂಡಾದದ್ದು.

ಬೆಳಕು ಹರಿಯುತ್ತಿದೆ. ಸೋಮಣ್ಣ ಮೊದಲು ಕೈಗೆ ಸಿಕ್ಕ ಹೊಸ ಬೆಲ್ಟನ್ನೇ ಹಾಕುತ್ತಾರೆ. ಹರೆಯದ ಹುಡುಗಿಯ ಕೂಗು ರಸ್ತೆ ತುಂಬುತ್ತದೆ. ಸುಗುಣಕ್ಕನ ಬಾಗಿಲು ಕದಲುವುದಿಲ್ಲ. "ಅಬಾ, ನಾನ್ ಇಷ್ಟ್ ಚಂದ ಕೂಗ್ತಿದ್ನಾ?" ಕುಸುಮಾವತಿ ಬುಟ್ಟಿ ಕಡೆ ನೋಡುತ್ತಾರೆ. "ಚಂದ ಎಂತಕ್ಕೆ, ಮೀನ್ ಖರ್ಚಾಯ್ಕಲೆ."

ಸೋಮಣ್ಣ ಮೋಟರಿನ ಸಣ್ಣ ಸ್ಕ್ರೂ ತಿರುಗಿಸಿ ವೇಗ ಇಳಿಸುತ್ತಾರೆ. ದನಿ ದಪ್ಪವಾಗುತ್ತದೆ, ಬಾಗಿಲು ಮುಚ್ಚಿಯೇ ಇದೆ. "ಎಳ್ತ ಬಂತ್, ತೂಗಾಟ ಬರ್ಲಿಲ್ಲೆ," ಎಂದು ಗೊಣಗಿ ಸ್ಕ್ರೂವನ್ನು ಮೊದಲಿನಂತೆ ತಿರುಗಿಸುತ್ತಾರೆ. ಅಂಗಡಿಯೊಳಗೆ ಹೋಗಿ ಸತ್ತ ಸೆಟ್ಟುಗಳ ರಾಶಿ ಕೆದಕುತ್ತಾರೆ. ಒಂದೊಂದರ ಬೆಲ್ಟನ್ನೂ ಎರಡು ಬೆರಳಿಗೆ ಹಾಕಿ ಎಳೆದು ಬಿಡುತ್ತಾರೆ. ಇದು ಬಿಗಿ. ಇದು ಪುಡಿ. ಗುಲ್ವಾಡಿಯ ಟ್ಯಾಕ್ಸಿಯವರೊಬ್ಬರು ಬಿಟ್ಟುಹೋದ ಸೆಟ್ಟಿನದು ಮಾತ್ರ ಬೆರಳ ನಡುವೆ ಜೋತುಬೀಳುತ್ತದೆ. ಸೋಮಣ್ಣನ ಮುಖದಲ್ಲಿ ಕ್ಲೈಮ್ಯಾಕ್ಸಿನ ನಗು.

ಕಾಲುಗಳು ಮತ್ತೆ ಆಮ್ನಿಯಿಂದ ಹೊರಚಾಚುತ್ತವೆ. ಟಕ್.

"ಬಂ...ಗ್ಡೇ... ಬಂ...ತೇ..." ಏರು ಹತ್ತಿ ಸುಸ್ತಾದವರ ಹಾಗೆ ದನಿ ತೂಗುತ್ತಾ, ಕುಸಿಯುತ್ತಾ, ಮತ್ತೆ ಏಳುತ್ತಾ ಬರುತ್ತದೆ.

ಎದುರು ಮನೆಯ ಬಾಗಿಲು ತೆರೆಯುತ್ತದೆ. ಸುಗುಣಕ್ಕ ಪಾತ್ರೆ ಹಿಡಿದು ಗೇಟಿಗೆ ಬಂದಾಗಿದೆ. "ಎಂತ ಕುಸುಮಕ್ಕ, ಇವತ್ತ್ ಇಷ್ಟ್ ತಡ? ಆಗಳಿಂದ ಯಾರ್ಯಾರೋ ಬಂದ್ ಕೂಗಿ ಹೋಯ್ರ್. ನಾ ತಕಣ್ಲಿಲ್ಲೆ ಕಾಣಿ."

ಡ್ಯಾಶ್‌ಬೋರ್ಡಿನ ಕೆಳಗಿಂದ ಸೋಮಣ್ಣನ ದನಿ ಮಾತ್ರ ಕೇಳುತ್ತದೆ:

"ಈಗ್ ಸರೀ ಹಾಳಾಯ್ತ್."