ಅಂಜನಮ್ಮ ಮೊದಲು ಓದು ಅನ್ನುವ ಕಥೆ

ಮುನಿರಾಜನ ಕೊನೆಯ ದಿನದ ಕೂಲಿ ಇನ್ನೂ ಬಾಕಿ ಇದೆ. ಕೊಡಬೇಕಾದವರು ಬಸವನಗುಡಿಯ ಒಂದು ಅಪಾರ್ಟ್‌ಮೆಂಟಿನವರು. ಅವನು ಅಲ್ಲಿ ವಾಚ್‌ಮನ್. ಕಟ್ಟಿಕೊಂಡ ಒಳಚರಂಡಿಯ ಚೇಂಬರಿಗೆ ಇಳಿದ, ಹೆಣವಾಗಿ ಮೇಲೆ ಬಂದ. ಆದರೆ ನಾನು ಬರೆಯಹೊರಟಿರುವುದು ಅವನ ಹೆಂಡತಿ ಅಂಜನಮ್ಮನ ಬಗ್ಗೆ, ಅವಳು ಓದುವ ದೆವ್ವದ ಕಥೆಗಳ ಬಗ್ಗೆ. ಎರಡಕ್ಕೂ ಏನು ಸಂಬಂಧ ಅನ್ನುವವರು ಸ್ವಲ್ಪ ತಾಳಿ.

ಅಂಜನಮ್ಮ ಓದಿದ್ದು ಏಳನೇ ಕ್ಲಾಸು. ಗಂಡ ಹೆಂಡತಿ ಇದ್ದದ್ದು ಬಿಲ್ಡಿಂಗಿನ ಮೆಟ್ಟಿಲ ಕೆಳಗೆ, ನೀರಿನ ಮೋಟಾರಿನ ಪಕ್ಕದ ರೂಮಿನಲ್ಲಿ. ಆ ಮೋಟಾರಿನ ಗಲಾಟೆಯಲ್ಲೇ ಕೂತು ಅವಳು ಅರ್ಕಾವತೀತನಯರ ಕಥೆ ಓದುತ್ತಿದ್ದಳು. ಈ ತನಯರು ಹಳೇ ಕಾಲದ ದೆವ್ವದ ಕಥೆಗಾರರು. ಸತ್ತು ಎಷ್ಟೋ ವರ್ಷವಾಯಿತು. ಮಡಿವಂತ ವಿಮರ್ಶಕರು ಅವರನ್ನು ಮುಟ್ಟಲಿಲ್ಲ, ಓದುಗರು ಬಿಡಲಿಲ್ಲ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಅವರ ಪುಸ್ತಕ ಕಂಡರೆ, ರಟ್ಟು ಕಿತ್ತಿರಲಿ, ಗೆದ್ದಲು ತಿಂದಿರಲಿ, ಮುನಿರಾಜ್ ಹೆಂಡತಿಗೆ ತರುತ್ತಿದ್ದ.

"ಹೂವ ತಾ ಅಂದ್ರೆ ಹೆಣದ ಬುಕ್ಕು ತರ್ತೀಯಲ್ಲ" ಅಂತ ಅವಳು ಬೈಯುವುದು.

"ಹೂವ ಸಂಜೆಗೆ ಬಾಡ್ತದೆ. ನಿನ್ ದೆವ್ವ ಬಾಡಲ್ಲ" ಅಂತ ಅವನು ನಗುವುದು.

ಬಿಲ್ಡಿಂಗಿನಲ್ಲಿ ಯಾರಿಗೆ ತನಯರ ಹುಚ್ಚು ಹತ್ತಿದರೂ ಮೆಟ್ಟಿಲ ಕೆಳಗೆ ಬರುತ್ತಿದ್ದರು. ಎರಡನೇ ಮಹಡಿಯ ತನ್ಮಯಿ ಅನ್ನುವ ಕಾಲೇಜು ಹುಡುಗಿಯೂ ಹಾಗೇ ಬಂದವಳು.

"ಅಂಜನಮ್ಮ, ತನಯರನ್ನ ಎಲ್ಲಿಂದ ಶುರು ಮಾಡ್ಲಿ? ಆನ್‌ಲೈನಲ್ಲಿ ಎಲ್ರೂ 'ಬಾವಿಕಟ್ಟೆ' ಓದು ಅಂತಾರೆ."

"ಅವ್ರ ಮಾತು ಕೇಳ್ಬೇಡಮ್ಮ. ಮೊದ್ಲೇ ಅದನ್ನ ಓದಿದ್ರೆ ಅನ್ನ ಸೇರಲ್ಲ. ಮೊದ್ಲು ಹುಣಸೆಮರದ್ದು ಓದು, ಪಾಪದ ದೆವ್ವ ಅದು. ಆಮೇಲೆ ಜಟಕಾದ್ದು. ಬಾವಿಕಟ್ಟೆ ಕೊನೇಗೆ."

"ಅದ್ರಲ್ಲಿ ದೆವ್ವ ಅಷ್ಟು ಕೆಟ್ಟದ್ದಾ?"

"ಅದ್ರಲ್ಲಿ ದೆವ್ವ ಬರೋದೇ ಇಲ್ಲ. ಅದಕ್ಕೇ ಹೇಳ್ತಿರೋದು."

ಆ ಕಥೆ ಇಷ್ಟು. ಒಂದು ಮನೆಯ ಸೊಸೆಯ ಹೆಣ ಬಾವಿಯಲ್ಲಿ ತೇಲುತ್ತದೆ. ಕಾಲು ಜಾರಿ ಬಿದ್ದಳು ಅನ್ನುತ್ತಾರೆ ಮನೆಯವರು. ಊರಿನವರು ಆ ಮಾತಿನ ಇನ್ನೊಂದು ಅರ್ಥ ಹಿಡಿದು ಒಳಗೊಳಗೇ ನಗುತ್ತಾರೆ. ಕಾಲು ಜಾರಿದ ಹೆಣ್ಣು ಅಂದರೆ ನಡತೆಗೆಟ್ಟವಳು ತಾನೇ? ಒಂದೇ ಮಾತಿಗೆ ಕೊಲೆಯೂ ಮುಚ್ಚಿಹೋಯಿತು, ಸತ್ತವಳ ಮಾನವೂ ಹೋಯಿತು. ಅಂದಿನಿಂದ ಬೆಳಗಾದರೆ ಕಟ್ಟೆಯ ಮೇಲೆ ಒದ್ದೆ ಹೆಜ್ಜೆ. ಬಾವಿಯ ಕಡೆ ಎರಡು ಜೊತೆ ಹೋಗಿರುತ್ತವೆ, ಮನೆಯ ಕಡೆ ಒಂದೇ ಜೊತೆ ಬಂದಿರುತ್ತದೆ. ಎಷ್ಟು ಒರೆಸಿದರೂ ಮಾರನೇ ದಿನ ಮತ್ತೆ ಅಷ್ಟೇ.

ಮುನಿರಾಜ್ ಸತ್ತದ್ದು ಒಂದು ಭಾನುವಾರ, ಹಾಡಹಗಲು. ಚೇಂಬರ್ ಕಟ್ಟಿಕೊಂಡು ಕೆಳಗಿನ ಮನೆಗಳ ಬಚ್ಚಲಲ್ಲಿ ಗಲೀಜು ಉಕ್ಕುತ್ತಿತ್ತು. ಮೆಷಿನ್ ಗಾಡಿ ಬರುವುದು ಇನ್ನೆರಡು ದಿನ ತಡ ಅಂದರು. ಅಸೋಸಿಯೇಷನ್ ಸೆಕ್ರೆಟರಿ ವೇಣುಗೋಪಾಲ್ ಮುನಿರಾಜನನ್ನು ಕರೆದ. ಮನುಷ್ಯನನ್ನು ಆ ಗುಂಡಿಗೆ ಇಳಿಸಬಾರದು ಅಂತ ಕಾನೂನಿದೆ. ಕಾನೂನು ಓದಿದವರೂ ಆ ಬಿಲ್ಡಿಂಗಿನಲ್ಲಿದ್ದಾರೆ. ಅಂಜನಮ್ಮ ಮಾರ್ಕೆಟ್ಟಿನಿಂದ ಸೊಪ್ಪು ಹಿಡಿದು ಬರುವಷ್ಟರಲ್ಲಿ ಗಂಡನನ್ನು ಹೊರಗೆಳೆದು ಗೋಣಿ ಮುಚ್ಚಿದ್ದರು. ಒಳಗಿನ ಗ್ಯಾಸ್ ಅವನಿಗೆ ಕೂಗುವಷ್ಟೂ ಉಸಿರು ಉಳಿಸಿರಲಿಲ್ಲ.

ಸೂತಕ ಕಳೆಯುವ ಮೊದಲೇ ವೇಣುಗೋಪಾಲ್ ಟೈಪ್ ಮಾಡಿಸಿದ ಹೇಳಿಕೆ ಹಿಡಿದು ಬಂದ. ನಾನು ಕಾರ್ಮಿಕರ ಯೂನಿಯನ್ ಕಡೆಯಿಂದ ಹೋಗಿ ಅಲ್ಲೇ ಕೂತಿದ್ದೆ. ಅದುವರೆಗೆ ಅವಳನ್ನು ನೀನು ಅನ್ನುತ್ತಿದ್ದ ಮನುಷ್ಯ ಅಂದು ನೀವು ಅಂದ.

"ಇದಕ್ಕೊಂದು ಸೈನ್ ಹಾಕ್ಬಿಡಿ ಅಂಜನಮ್ಮ. ರೂಮು ನಿಮ್ದೇ. ಇರೋವರ್ಗೂ ಇರಿ, ಯಾರೂ ಕೇಳಲ್ಲ."

"ಏನ್ ಬರ್ದಿದೆ, ಓದಿ ಸಾರ್."

"ನನ್ನ ಗಂಡನು ಚೇಂಬರಿನ ಮುಚ್ಚಳ ನೋಡಲು ಹೋಗಿ, ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು..."

ಅಂಜನಮ್ಮ ನಕ್ಕಳು. ಸಾವಿನ ಮನೆಯಲ್ಲಿ ಅಂಥ ನಗು ನಾನು ಕೇಳಿರಲಿಲ್ಲ.

"ಈ ಸಾಲು ನಾನು ಓದಿದೀನಿ ಸಾರ್. ಬಾವಿಕಟ್ಟೇಲಿ ಬರ್ತದೆ."

"ದೆವ್ವದ ಕಥೆ ಓದಿ ಓದಿ ತಲೆ ಕೆಟ್ಟಿದೆ ನಿಂಗೆ." ನೀವು ಅನ್ನುವುದು ಅಲ್ಲಿಗೆ ಮುಗಿಯಿತು.

ಅವಳು ಎದ್ದು ಮೂಲೆಯಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಅವನ ಮುಂದೆ ಬಿಚ್ಚಿದಳು. ಒಂದು ಅಂಗಿ, ಜೊತೆ ಚಪ್ಪಲಿ.

"ಇದು ಚೇಂಬರ್ ಪಕ್ಕ ಇತ್ತು. ಅಂಗಿ ಮಡಚಿದಾನೆ. ವಾಚು ಬಿಚ್ಚಿ ಜೇಬಲ್ಲಿ ಹಾಕಿದಾನೆ. ಜಾರಿ ಬೀಳೋನು ಇಷ್ಟು ಪುರುಸೊತ್ತು ಮಾಡ್ಕೊಂಡು ಬೀಳ್ತಾನಾ ಸಾರ್?"

"ಕುಡಿದಿದ್ದ ಅಂತ ಎಲ್ರೂ ಹೇಳ್ತಾರೆ."

"ಹೇಳ್ತಾರೆ. ಗಂಡಸು ಕುಡಿದು ಜಾರ್ತಾನೆ, ಹೆಂಗಸು ಕೊಬ್ಬಿ ಜಾರ್ತಾಳೆ. ಎಲ್ಲಾ ಕಡೆ ತಪ್ಪು ಸತ್ತೋರ ಕಾಲಿಂದೇ. ಇಳ್ಸಿದ ಕೈ ಯಾರ್ದು ಅಂತ ಬರ್ಕೊಂಡ್ ಬನ್ನಿ, ಆಗ ಸೈನ್ ಹಾಕ್ತೀನಿ."

ಸೈನ್ ಬೀಳಲಿಲ್ಲ, ರೂಮು ಉಳಿಯಲಿಲ್ಲ. ಕೊರಿಯರ್ ಪಾರ್ಸೆಲ್ ಇಡಲು ಜಾಗ ಬೇಕು ಅಂತ ಖಾಲಿ ಮಾಡಿಸಿದರು. ಈಗ ಹನುಮಂತನಗರದಲ್ಲಿ ತಂಗಿಯ ಮನೆಯ ಹಜಾರದಲ್ಲಿ ಮಲಗುತ್ತಾಳೆ, ಒಂದು ಹೋಟೆಲಿನಲ್ಲಿ ಪಾತ್ರೆ ಉಜ್ಜುತ್ತಾಳೆ. ಕಂಪ್ಲೇಂಟ್ ಕೊಟ್ಟಿದ್ದೇವೆ. ಅಂಗಿ ಚಪ್ಪಲಿ ಸಾಲದು, ಕಣ್ಣಾರೆ ಕಂಡವರು ಬೇಕು ಅನ್ನುತ್ತಾರೆ ಪೊಲೀಸರು.

ಕಂಡವರು ಇದ್ದರು. ವೇಣುಗೋಪಾಲ್ ಹಗ್ಗ ಹಿಡಿದು ನಿಂತದ್ದನ್ನು ಬಾಲ್ಕನಿಯಿಂದ ನೋಡಿದೆ ಅಂತ ತನ್ಮಯಿಯೇ ಅಂಜನಮ್ಮನ ಹೆಗಲ ಮೇಲೆ ಅತ್ತಿದ್ದಳು. ಸಾಕ್ಷಿ ಹೇಳಮ್ಮ ಅಂತ ಕೇಳಲು ನಾನು ಹೋದೆ. ಅರ್ಧ ಬಾಗಿಲು ತೆಗೆದಳು.

"ಅಂಕಲ್, ಅಪ್ಪ ಬೇಡ ಅಂತಾರೆ. ನಾವು ಇದೇ ಬಿಲ್ಡಿಂಗಲ್ಲಿ ಇರ್ಬೇಕಲ್ವಾ?"

ಒಳಗೆ ಹೋಗಿ ಪುಸ್ತಕ ತಂದು ಕೈಗಿಟ್ಟಳು. "ಇದು ಅಂಜನಮ್ಮಂದು. ಬಾವಿಕಟ್ಟೆ ಓದಿದೆ, ತುಂಬಾ ಭಯ ಆಯ್ತು ಅಂತ ಹೇಳಿ."

ಭಯ ಆಯಿತಂತೆ!

ಪುಸ್ತಕ ಕೊಟ್ಟು ಹಾಗೇ ಹೇಳಿದೆ. ಅಂಜನಮ್ಮ ಹುಡುಗಿಯನ್ನು ಬೈಯಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಾನೇ ತಪ್ಪು ಹೇಳ್ತಿದ್ದೆ ಅಣ್ಣ. ಹುಣಸೆಮರದಿಂದ ಶುರು ಮಾಡಿದ್ರೆ ಭಯ ಅನ್ನೋದು ಮರದ ಮೇಲಿರ್ತದೆ ಅಂದ್ಕೋತಾರೆ. ಇನ್ಮೇಲೆ ಯಾರು ಕೇಳಿದ್ರೂ ಬಾವಿಕಟ್ಟೆನೇ ಮೊದ್ಲು ಓದು ಅಂತೀನಿ. ಅನ್ನ ಸೇರದೇ ಇದ್ರೆ ಇರ್ಲಿ."

ತನಯರನ್ನು ಎಲ್ಲಿಂದ ಓದಬೇಕು ಅಂತ ನನ್ನನ್ನೂ ಕೆಲವರು ಕೇಳುತ್ತಾರೆ. ಅವಳ ಉತ್ತರವೇ ನನ್ನದು. ಆದರೆ ಓದಿ ಮೈ ಜುಮ್ಮೆಂದಿತು ಅಂತ ನನಗೆ ಫೋನ್ ಮಾಡಬೇಡಿ. ಆ ಭಾನುವಾರ ಆ ಬಿಲ್ಡಿಂಗಿನ ಅಷ್ಟೂ ಬಾಲ್ಕನಿಗಳಲ್ಲಿ ಜನ ಕಾಫಿ ಲೋಟ ಹಿಡಿದು ನಿಂತಿದ್ದರು. ನಿಮ್ಮ ಮನೆಯ ಕೆಳಗೂ ಒಂದು ಚೇಂಬರ್ ಇದೆ. ಅದಕ್ಕೆ ಮನುಷ್ಯನನ್ನು ಇಳಿಸುತ್ತಿರುವುದು ಕಂಡರೆ ಕೆಳಗೆ ಓಡಿ ಬಂದು ತಡೆಯಿರಿ. ಇಳಿಸಿದ್ದನ್ನು ಕಂಡಿದ್ದರೆ ಸ್ಟೇಷನ್ನಿಗೆ ಹೋಗಿ ಇಳಿಸಿದವನ ಹೆಸರು ಹೇಳಿ, ಅದರ ಕೆಳಗೆ ನಿಮ್ಮ ಹೆಸರು ಬರೆಸಿ.