ಪಕ್ಕದ ತೋಟದ ಟೀ

ನನ್ನ ಷಡ್ಡಕರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಹಿರೇಹಳ್ಳಿಯ ಕಾರ್ಖಾನೆಯ ಲೇತ್ ಮೆಷಿನ್ ಅದನ್ನು ಕಿತ್ತುಕೊಂಡಿತ್ತು. ಆ ಬೋಳು ಬೆರಳನ್ನು ಯಾವ ಜಾಗದ ಕಡೆ ಚಾಚಿದರೂ ಎರಡು ಮೂರು ವರ್ಷದಲ್ಲಿ ಅಲ್ಲಿಗೆ ಟಾರು ರಸ್ತೆ ಬರುತ್ತಿತ್ತು. ನಾನು ಡಬಲ್ ಡಿಗ್ರಿಯ ಹೈಸ್ಕೂಲ್ ಮೇಷ್ಟ್ರು, ತುಮಕೂರಿನಲ್ಲಿ ಬಾಡಿಗೆ ಮನೆ. ಅವರು ಓದಿದ್ದು ಐಟಿಐ. ಕೋರದಲ್ಲೊಂದು, ಕುಣಿಗಲ್ ರಸ್ತೆಯಲ್ಲೊಂದು ಸೈಟು. ನನ್ನ ಹೊಟ್ಟೆ ಉರಿಯದೆ ಇನ್ನೇನು ಮಾಡೀತು?

ನನ್ನ ಹೆಂಡತಿಯ ಅಕ್ಕನ ಗಂಡ ಅವರು. ಭಾನುವಾರ ಗುಬ್ಬಿಯ ಅತ್ತೆ ಮನೆಗೆ ಬಾಡೂಟಕ್ಕೆ ಹೋದರೆ ಮೊದಲ ಮುದ್ದೆ ಅವರ ತಟ್ಟೆಗೆ. ಮೇಷ್ಟ್ರು ಪೇಪರ್ ಓದಲಿ, ಭೂಮಿ ವಿಷಯ ದೊಡ್ಡ ಅಳಿಯಂದಿರನ್ನು ಕೇಳೋಣ ಎಂದು ಅತ್ತೆ ನನ್ನೆದುರೇ ಹೇಳುತ್ತಿದ್ದರು. ನನ್ನ ಹೆಂಡತಿಯೂ ತಲೆಯಾಡಿಸುತ್ತಿದ್ದಳು.

ಜಾಗ ಕೊಳ್ಳುವುದರಲ್ಲಿ ಷಡ್ಡಕರದೊಂದು ರೂಢಿಯಿತ್ತು. ಕಾಗದಪತ್ರವನ್ನು ವಕೀಲರಿಗೆ ಕೊಟ್ಟು, ತಾವು ಪಕ್ಕದ ಜಮೀನಿನವರ ಮನೆಗೆ ಹೋಗಿ ಟೀ ಕುಡಿದು ಬರುತ್ತಿದ್ದರು. ಒಂದು ಸಲವಲ್ಲ, ಮೂರು ಸಲ. ಮಾತೆಲ್ಲ ತೆಂಗಿನ ರೋಗ, ಬೋರ್‌ವೆಲ್, ಮಗಳ ಮದುವೆ. "ಪಹಣೀಲಿ ಇಲ್ದಿರೋದು ಪಕ್ಕದವ್ರ ಬಾಯಲ್ಲಿ ಇರ್ತದೆ ಮೇಷ್ಟ್ರೇ" ಎನ್ನುತ್ತಿದ್ದರು. ಪುಕ್ಕಟೆ ಟೀಗೆ ಇದೊಂದು ನೆಪ ಎಂದು ನಾನು ಹೆಂಡತಿಯ ಹತ್ತಿರ ಆಡಿಕೊಂಡಿದ್ದೆ.

ಒಂದು ಭಾನುವಾರ ಊಟದ ನಡುವೆ, ಚೇಳೂರು ರಸ್ತೆಯಲ್ಲಿ ಹತ್ತು ಗುಂಟೆ ಒಳ್ಳೆಯ ಜಾಗ ನೋಡಿಬಂದೆ ಎಂದು ಬಾಯಿಬಿಟ್ಟರು. ಮಾರನೆಯ ದಿನ ನಾನು ರಜ ಹಾಕಿ ಹೋಗಿ, ಅವರಿಗಿಂತ ಮೊದಲೇ ಅಡ್ವಾನ್ಸ್ ಕೊಟ್ಟುಬಂದೆ. ಮನೆ ಕಟ್ಟಲೆಂದು ಕೂಡಿಟ್ಟಿದ್ದರಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ರಿಜಿಸ್ಟ್ರಿ ಆದ ದಿನ ಗೆದ್ದೆ ಎಂದು ಒಳಗೊಳಗೇ ಕುಣಿದೆ.

ಪಾಯ ತೆಗೆಸಲು ಜೆಸಿಬಿ ಕರೆದುಕೊಂಡು ಹೋದರೆ ದಾರಿಗೆ ಮುಳ್ಳು ಹಾಕಿತ್ತು. ಆ ದಾರಿ ಪಕ್ಕದ ತೋಟದವರದಂತೆ. ಹಳೆಯ ಮಾಲೀಕನನ್ನು ಸ್ನೇಹಕ್ಕೆ ಓಡಾಡಲು ಬಿಟ್ಟಿದ್ದರಂತೆ, ನನ್ನನ್ನು ಬಿಡುವುದಿಲ್ಲವಂತೆ. ನನ್ನ ಜಾಗಕ್ಕೆ ಕಾಲಿಡಲು ಬೇರೆ ದಾರಿಯೇ ಇರಲಿಲ್ಲ.

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅವಳೇ ಅಕ್ಕನಿಗೆ ಫೋನ್ ಮಾಡಿದಳು. ಸಂಜೆ ಶಿಫ್ಟ್ ಮುಗಿಸಿ ಷಡ್ಡಕರು ಬಂದರು. ಬೈಸಿಕೊಳ್ಳಲು ನಾನು ತಯಾರಾಗಿ ಕೂತಿದ್ದೆ. ಅವರು ಬೋಳು ಬೆರಳಿನಿಂದ ಹುಬ್ಬು ಕೆರೆದುಕೊಂಡರು.

"ಟೀ ಕುಡಿಯಕ್ ಮುಂಚೇನೇ ಕೊಟ್ಬುಟ್ರಲ್ಲ ಮೇಷ್ಟ್ರೇ" ಎಂದರು, ಅಷ್ಟೆ.

ಆಮೇಲೆ ಏಳೆಂಟು ಭಾನುವಾರ ಆ ತೋಟದ ಯಜಮಾನರ ಜಗಲಿಯಲ್ಲಿ ಕೂತರು. ನನ್ನನ್ನೂ ಕರೆದೊಯ್ದು, ಬಾಯಿ ಮುಚ್ಚಿಕೊಂಡು ಟೀ ಕುಡಿಯಿರಿ ಎಂದರು. ಕೊನೆಗೆ ನನ್ನ ಜಾಗದ ಹಿಂದುಗಡೆ ಒಂದು ಪಟ್ಟಿ ಯಜಮಾನರಿಗೆ, ಮುಂದೆ ಅವರ ತೋಟದಲ್ಲಿ ಅಷ್ಟೇ ನೆಲ ದಾರಿಗೆಂದು ನನಗೆ ಎಂದು ಒಪ್ಪಿಗೆಯಾಯಿತು. ಗುಬ್ಬಿಯಲ್ಲಿ ಪತ್ರವಾದಾಗ ಸಾಕ್ಷಿ ಸಹಿ ಷಡ್ಡಕರದೇ. ಹೊರಗೆ ಬಂದ ಮೇಲೆ, ನೀವು ನೋಡಿದ್ದ ಜಾಗ, ನನ್ನ ಮೇಲೆ ಸಿಟ್ಟಿಲ್ಲವೇ ಅಣ್ಣ ಎಂದು ಕೇಳಿಯೇಬಿಟ್ಟೆ.

"ಇತ್ತು. ನಿಮ್ಮನೆಗೆ ಬರೋವರ್ಗೂ ಇತ್ತು. ನಿಮ್ ಮುಖ ನೋಡ್ದೆ, ಹೋಯ್ತು ಬುಡಿ."

ಹೋದ ವರ್ಷ ಎದೆನೋವೆಂದು ಕಾರ್ಖಾನೆಯಿಂದ ನೇರವಾಗಿ ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಮಣ್ಣಿಗೆ ಕೋರದಿಂದ, ಕುಣಿಗಲ್ ರಸ್ತೆಯಿಂದ, ಅವರು ಟೀ ಕುಡಿದಿದ್ದ ಮನೆಯವರೆಲ್ಲ ಬಂದಿದ್ದರು. ನನ್ನ ದಾರಿಗೆ ಮುಳ್ಳು ಹಾಕಿದ್ದ ಯಜಮಾನರು ಚಟ್ಟಕ್ಕೆ ಹೆಗಲು ಕೊಟ್ಟಿದ್ದರು. ನುಗ್ಗಿ ನನ್ನ ಹೆಗಲಿಗೆ ಜಾಗ ಮಾಡಿಕೊಳ್ಳಬೇಕಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗಲೂ ಹೊಟ್ಟೆ ಉರಿಯಿತು. ನಾನು ಸತ್ತರೆ ಇಷ್ಟು ಜನ ಬರುತ್ತಾರೆಯೇ?

ಈಗ ನಮ್ಮ ಮನೆ ಅಲ್ಲೇ ಇದೆ. ದಾರಿಯ ಪತ್ರದಲ್ಲಿ ನನ್ನ ಹೆಸರಿದೆ. ಆದರೂ ಯಾರಾದರೂ ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿದರೆ ಯಜಮಾನರು ಷಡ್ಡಕರ ಹೆಸರು ಹೇಳಿ, ಅವರ ದಾರೀಲಿ ಹೋಗಿ ಎನ್ನುತ್ತಾರೆ. ಮೊದಮೊದಲು ನಾನು ತಿದ್ದುತ್ತಿದ್ದೆ. ಈಗ ತಿದ್ದುವುದಿಲ್ಲ.