ಮಾವನ ಮಂಚ

ಅರ್ಜೆಂಟೀನಾದ ಅಸೂಲ್ ಊರಿನ ಕಮ್ಮಾರ ಎವರಿಸ್ತೊ ಲುಗ್ರಿನ್, ಮಾಂಸ ಸುಡುವ ಜಾಲರಿಯೊಂದಕ್ಕೆ ಪೇಟೆಂಟ್ ಪಡೆದಿದ್ದ. ಅದರಲ್ಲಿ ದುಂಡು ಸರಳುಗಳಿಲ್ಲ. ದೋಣಿಯಂತೆ ಬಾಯ್ತೆರೆದ ಆಂಗಲ್ ಪಟ್ಟಿಗಳು, ಮುಂದಕ್ಕೆ ತುಸು ಇಳಿಜಾರು. ಕರಗಿದ ಕೊಬ್ಬು ಕೆಂಡಕ್ಕೆ ಬೀಳದೆ ಹರಿದು ಮುಂದಿನ ತಟ್ಟೆ ಸೇರುತ್ತದೆ. 'ಇದನ್ನು ಕಂಡುಹಿಡಿದವನ ಅಂಗಡಿ' ಎಂದು ಬಾಗಿಲ ಮೇಲೆ ಬೋರ್ಡು ಬರೆಸಿದ್ದ. ಹೆಂಡತಿ ದೆಲ್ಫಿನಾಳ ತಮ್ಮ ನಸರೇನೊ ಅಂಥದ್ದೇ ಜಾಲರಿ ಮಾಡಿ ಮಾರತೊಡಗಿದಾಗ ದಾವೆ ಹೂಡಿದ. ಆ ಬೋರ್ಡು ಉಳಿಯಬೇಕೆಂಬುದೇ ಅವನ ಹಟ.

"ಇಂಥ ಜಾಲರಿ ಇದಕ್ಕೆ ಮುಂಚೆ ಎಲ್ಲಾದ್ರೂ ನೋಡಿದ್ರಾ?" ಎಂದು ನ್ಯಾಯಾಧೀಶೆ ಕೇಳಿದಳು.

"ಇಲ್ಲ" ಎಂದ ಎವರಿಸ್ತೊ.

ನಸರೇನೊ ಹೊರಗೆ ಹೋಗಿ, ಲಾರಿಯಿಂದ ತುಕ್ಕು ಹಿಡಿದ ಮಂಚವೊಂದನ್ನು ಇಳಿಸಿ ಒಳಗೆ ಎಳೆದು ತಂದ. ನೆಂಟರು ಹೆಚ್ಚಾದರೆ ಅಲ್ಲಿನ ಬಡವರ ಮನೆಗಳಲ್ಲಿ ಮಾಂಸ ಸುಡಲು ಹಳೆಯ ಕಬ್ಬಿಣದ ಮಂಚವನ್ನೇ ಕೆಂಡದ ಮೇಲಿಡುತ್ತಾರೆ. ಎವರಿಸ್ತೊನ ಮಾವ, ದೆಲ್ಫಿನಾಳ ಅಪ್ಪ ಸೆಲ್ಸೊ, ಇದರ ಪಟ್ಟಿಗಳನ್ನು ಕಿತ್ತು, ಬಾಯಿ ಮೇಲಾಗುವಂತೆ ಮಗುಚಿ ಬೆಸೆದು, ಮುಂದಿನ ಕಾಲುಗಳನ್ನು ಗಿಡ್ಡ ಮಾಡಿದ್ದ. ಎವರಿಸ್ತೊನ ಮದುವೆಯ ಮಾಂಸ ಬೆಂದದ್ದು ಇದರ ಮೇಲೆಯೇ. ಮಂಚದ ಮೇಲೆ ಬೆಂದದ್ದನ್ನು ಉಂಡವನೆಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಾಗುತ್ತಿತ್ತು. ಈಗ ಅದಕ್ಕಿಂತ ದೊಡ್ಡ ನಾಚಿಕೆ ನಾಲ್ಕು ಕಾಲೂರಿ ಎದುರಿಗೆ ನಿಂತಿತ್ತು.

"ಏನ್ ಭಾವ, ಗುರ್ತು ಸಿಗ್ಲಿಲ್ವಾ? ಒಂದ್ಸಲ ಮಲಗಿ ನೋಡು" ಎಂದ ನಸರೇನೊ. ಕೋರ್ಟಿನ ಗುಮಾಸ್ತ ಕಿಸಕ್ಕನೆ ನಕ್ಕ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ದೆಲ್ಫಿನಾ ನಗಲಿಲ್ಲ. "ಲೋ ಮುದುಕಾ, ನಾನು ಹುಟ್ಟಿದ್ದು ಆ ಮಂಚದ ಮೇಲೆ. ನೋಡೇ ಇಲ್ಲ ಅನ್ನೋಕೆ ನಿಂಗೆ ಬಾಯಾದ್ರೂ ಹೆಂಗೆ ಬಂತು?"

"ನೋಡಿದ್ದೆ" ಎಂದ ಎವರಿಸ್ತೊ, ನೆಲ ನೋಡುತ್ತ. "ಅದು ಮಾವಂದು."

ಪೇಟೆಂಟ್ ರದ್ದಾಯಿತು. ಬೋರ್ಡನ್ನು ಅವನೇ ಏಣಿ ಹತ್ತಿ ಇಳಿಸಿದ.

ಭಾನುವಾರ ನಸರೇನೊನ ಹಿತ್ತಲಲ್ಲಿ ಎಂದಿನಂತೆ ಎಲ್ಲರೂ ಸೇರಿದರು. ಹೋಗದಿದ್ದರೆ ದೆಲ್ಫಿನಾ ಬಿಡುತ್ತಿರಲಿಲ್ಲ. ಕೆಂಡದ ಮೇಲೆ ಅದೇ ಮಂಚ. "ಬೆಂಕಿ ನೀನೇ ನೋಡ್ಕೊ ಭಾವ, ನನ್ ಕೈಗೆ ಕೊಟ್ರೆ ಸೀದು ಹೋಗತ್ತೆ" ಎಂದು ನಸರೇನೊ ಇಕ್ಕಳವನ್ನು ಅವನ ಕೈಗಿಟ್ಟ.

ಅಲ್ಲಿನ ರೂಢಿಯಂತೆ ಮಾಂಸ ಬಡಿಸಿದ ಮೇಲೆ, ಸುಟ್ಟವನಿಗೆ ಚಪ್ಪಾಳೆ ಎಂದು ಯಾರಾದರೊಬ್ಬರು ಕೂಗಲೇಬೇಕು. ಅಂದು ಯಾರೂ ಕೂಗಲಿಲ್ಲ. ಅಷ್ಟೇ ಆಗಿದ್ದರೆ ಎವರಿಸ್ತೊ ಹೇಗೋ ನುಂಗಿಕೊಳ್ಳುತ್ತಿದ್ದ.

ಆದರೆ ನಸರೇನೊ ಎದ್ದು ನಿಂತ. "ಏನ್ರೋ, ಕೈ ಬಿದ್ದೋಗಿದ್ಯಾ ನಿಮ್ಗೆ? ಸುಟ್ಟವನಿಗೆ ಚಪ್ಪಾಳೆ!"

ಎಲ್ಲರೂ ತಟ್ಟಿದರು. ಕೊನೆಗೆ ದೆಲ್ಫಿನಾಳೂ ತಟ್ಟಿದಳು. ಎವರಿಸ್ತೊ ಅವರಿಗೆ ಬೆನ್ನು ಮಾಡಿ, ಆಗಲೇ ಬೆಂದಿದ್ದ ತುಂಡನ್ನು ಮತ್ತೊಮ್ಮೆ ಮಗುಚಿದ.